ಆಮೆ ಪೊರೆ ಬಿಡುವುದಿಲ್ಲ, ಬಿಡುವುದು ಏಡಿ

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಚಿನ್ನದ ಚುಕ್ಕಿ ಕೂರಿಸಿದ ಕಂದು ಬ್ರೂಚ್ ಸಿಕ್ಕಿದೆ. ಆಮೆ ತಾನಾಗಿ ಕಳಚಿದ ಚಿಪ್ಪಿನಲ್ಲಿ ಇಂಥದ್ದನ್ನು ಮಾಡುತ್ತಿದ್ದರಂತೆ. ಹೌದೆ?
– ಓದುಗರು, ಕಾರವಾರ

ಮತ್ತೆ ಅದೇ ‘ಅಂತೆ’! ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದರೂ ಈ ಕಥೆ ನನ್ನ ಬೆನ್ನು ಬಿಟ್ಟಿಲ್ಲ.

ಪೊರೆ ಬಿಡುವುದು ಏಡಿ. ಕಾಳಿ ಅಳಿವೆಯಲ್ಲಿ ಮೆತ್ತಗಿನ ಏಡಿ ಹಿಡಿದವರಿಗೆ ಇದನ್ನು ಹೇಳಬೇಕಿಲ್ಲ. ಆಮೆಗಾದರೋ ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಚಿಪ್ಪಿಗೇ ಬೆಸೆದಿವೆ. ಚಿಪ್ಪು ಕಳಚು ಎಂದರೆ ಎದೆಗೂಡು ಬಿಚ್ಚಿಟ್ಟು ಬಾ ಎಂದ ಹಾಗೆ. ಆ ಮೂಳೆಯ ಮೇಲೆ ಕೆರಾಟಿನ್ ಹಾಳೆಗಳಿವೆ, ನಮ್ಮ ಉಗುರಿನ ಜಾತಿಯವು. ಕೆಲವು ಕೆರೆಯಾಮೆಗಳು ಅದರ ತೆಳು ಪದರ ಉದುರಿಸುತ್ತವೆ, ನಿಜ. ಈರುಳ್ಳಿ ಸಿಪ್ಪೆಯಂಥ ಅದರಲ್ಲಿ ಯಾವ ಒಡವೆ ಮಾಡುತ್ತೀರಿ?

ಒಡವೆಗೆ ಬೇಕಿದ್ದದ್ದು ಹಾಕ್ಸ್‌ಬಿಲ್ ಕಡಲಾಮೆಯ ದಪ್ಪ ಹಾಳೆ. ಬೆನ್ನ ಮೇಲೆ ಅಂಥವು 13, ಹಂಚಿನ ಮಾಡಿನಂತೆ ಒಂದರ ಮೇಲೊಂದು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಬದುಕಿರುವ ಆಮೆಯ ಬೆನ್ನ ಮೇಲೆ ಕೆಂಡ ಹರಡಿ, ಮುರುಟಿ ಎದ್ದ ಹಾಳೆಯನ್ನು ಚಾಕುವಿನಿಂದ ಕಿತ್ತು, ಆಮೆಯನ್ನು ಕಡಲಿಗೆ ಬಿಡುತ್ತಿದ್ದರೆಂದು ಕ್ಯಾಪ್ಟನ್ ಮೋರ್ಸ್‌ಬಿ ಹೇಳಿದ್ದನ್ನು ಡಾರ್ವಿನ್ ಬರೆದಿಟ್ಟಿದ್ದಾನೆ. ಮತ್ತೆ ಹುಟ್ಟಿದ ಹಾಳೆ ಕೆಲಸಕ್ಕೆ ಬಾರದಷ್ಟು ತೆಳುವಂತೆ. ‘ತಾನಾಗಿ ಕಳಚಿದ್ದು’ ಅನ್ನುವ ನಿಮ್ಮ ಮಾತಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಕುಶಲತೆಯನ್ನು ಮಾತ್ರ ಹೊಗಳದೆ ಇರಲಾರೆ. ಶಿರಸಿ ಕಡೆ ಅಡಿಕೆ ಹಾಳೆ ನೆನೆಸಿ ಬಿಸಿ ಅಚ್ಚಿನಲ್ಲಿ ತಟ್ಟೆ ಒತ್ತುತ್ತಾರಲ್ಲ, ಹಾಗೆ ಇದನ್ನೂ ಬಿಸಿ ಉಪ್ಪುನೀರಿನಲ್ಲಿ ಮೆತ್ತಗಾಗಿಸಿ ಒತ್ತುತ್ತಿದ್ದರು. ಬಿಸಿಯಿರುವಾಗಲೇ ಚಿನ್ನ, ಬೆಳ್ಳಿಯ ಮೊಳೆ, ತಗಡು ಕೂರಿಸಿದರೆ ಆರುತ್ತ ಕುಗ್ಗಿದ ಚಿಪ್ಪೇ ಅದನ್ನು ಕಚ್ಚಿ ಹಿಡಿಯುತ್ತದೆ. ಅಂಟು ಬೇಡ. ಪೀಕೆ ಎಂಬ ಈ ಕೆಲಸ ನೇಪಲ್ಸ್‌ನಲ್ಲಿ ಹೆಸರಾಗಿ, 1685ರ ನಂತರ ಫ್ರಾನ್ಸ್ ಬಿಟ್ಟ ಹ್ಯೂಗನಾಟರ (ಫ್ರಾನ್ಸಿನ ಪ್ರೊಟೆಸ್ಟೆಂಟ್ ಕ್ರೈಸ್ತರ) ಜೊತೆ ಇಂಗ್ಲೆಂಡ್ ಸೇರಿತು. ಆಮೇಲೆ ಬರ್ಮಿಂಗ್‌ಹ್ಯಾಮಿನ ಯಂತ್ರಕ್ಕೆ ಸಿಕ್ಕಿತು, ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ಬಂತು, ಕೈಕೆಲಸ ಹೋಯಿತು. 1977ರಲ್ಲಿ ಹಾಕ್ಸ್‌ಬಿಲ್ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಮೊದಲ ಅನುಬಂಧಕ್ಕೆ ಸೇರಿತು.

ನಿಮ್ಮದು ಅಸಲಿಯೋ ಅಂತ ಕಾದ ಸೂಜಿ ಚುಚ್ಚಿ ನೋಡಬೇಡಿ. ಕೂದಲು ಸುಟ್ಟ ವಾಸನೆ ಬಂದೀತು, ಜೊತೆಗೆ ತೂತೂ ಉಳಿದೀತು. ಅಸಲಿಯಾದರೆ ಮಾರುವಂತಿಲ್ಲ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ದೇವಬಾಗ, ಕಾಸರಕೋಡು ಟೊಂಕದ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಕಡಲಾಮೆಯ ಹಾಳೆ ತೆಳು, ಬ್ರೂಚಿಗೆ ಒದಗದು. ಹಾಗಂತ ಅದೇನೂ ಪಾರಾಗಲಿಲ್ಲ. ಮೆಕ್ಸಿಕೋದಲ್ಲಿ ಅದರ ಚರ್ಮ ಬೂಟು, ಚೀಲಕ್ಕೆ ಹೋಯಿತು. ಮೊಟ್ಟೆ ಎಲ್ಲಿಗೆ ಹೋಗುತ್ತಿತ್ತು ಅಂತ ಊರಿನ ಹಿರಿಯರನ್ನೇ ಕೇಳಿ.