ಮೀಟಿಂಗ್ ಕೋಣೆಯಲ್ಲಿ ಗಂಡಸರ ಪಾಲಿನ ಕೆಲಸ

"ನಮ್ಮದು ಅಳಿಯಕಟ್ಟಿನ ನಾಡು, ಇಲ್ಲಿ ಹೆಂಗಸರಿಗೆ ಮೊದಲಿನಿಂದಲೂ ಮರ್ಯಾದೆ ಉಂಟು." ಮಂಗಳೂರು, ಉಡುಪಿಯ ಕಚೇರಿಗಳಲ್ಲಿ ಲಿಂಗ ಸಮಾನತೆಯ ಮಾತು ತೆಗೆದರೆ ಗಂಡಸರ ಸಾಲಿನಿಂದ ಮೊದಲು ಬರುವ ಉತ್ತರ ಇದು. ಅದನ್ನು ಅಲ್ಲಗಳೆಯಬೇಕಾಗಿಲ್ಲ, ಅಲ್ಲಿಂದಲೇ ಶುರುಮಾಡಬಹುದು. ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತಾನದಲ್ಲಿ ಇಳಿದರೂ ಹೆಚ್ಚಿನ ಮನೆಗಳಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿತ್ತು. ಕಚೇರಿಗೂ ಅದೇ ಪ್ರಶ್ನೆ ಹಾಕಿ: ಕೆಲಸ ಮಾಡುವವರಲ್ಲಿ ಹೆಂಗಸರು ಎಷ್ಟು, ತೀರ್ಮಾನ ಮಾಡುವವರಲ್ಲಿ ಎಷ್ಟು? ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ತೆಗೆಯುವವರು, ವಿಂಗಡಿಸುವವರು ಬಹುಪಾಲು ಹೆಂಗಸರೇ. ಸೂಪರ್‌ವೈಸರುಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಇಲ್ಲಿ ಹೆಂಗಸರ ಬಡ್ತಿಗೆ ಅಡ್ಡ ಬರುವುದು ಎಷ್ಟೋ ಸಲ ಕಾಳಜಿಯ ಮಾತೇ. "ಅವರಿಗೆ ದೂರದ ಕಾರ್ಕಳದ ಮನೆಗೆ ಹೋಗಬೇಕು, ಸಂಜೆಯ ಮೀಟಿಂಗಿಗೆ ಕರೆಯುವುದು ಬೇಡ." "ಮಗು ಸಣ್ಣದು, ಆಡಿಟ್‌ಗೆ ಹೊರಗೆ ಕಳಿಸುವುದು ಬೇಡ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಆದರೆ ಆ ಹೆಂಗಸರನ್ನೇ ಯಾರೂ ಕೇಳಿರುವುದಿಲ್ಲ. ಮುಂದೆ ಬಡ್ತಿಯ ಕಡತ ಬಂದಾಗ "ಹೊರಗಿನ ಕೆಲಸದ ಅನುಭವ ಸಾಲದು" ಎಂದು ಬರೆಯುವವರೂ ಅದೇ ಮೇಲಧಿಕಾರಿ. ಹೀಗಾಗದಂತೆ, ಹೊರಗಿನ ಕೆಲಸ ಬಂದಾಗಲೆಲ್ಲ ಅರ್ಹರಾದ ಎಲ್ಲರಿಗೂ, ಗಂಡು ಹೆಣ್ಣು ಎನ್ನದೆ, ಒಂದೇ ಇಮೇಲ್ ಹೋಗಲಿ: ಈ ಕೆಲಸ ಇದೆ, ಇಷ್ಟು ದಿನ, ಆಸಕ್ತಿ ಇದೆಯೇ, ಏನು ವ್ಯವಸ್ಥೆ ಬೇಕು? ಮನೆ ಮಕ್ಕಳ ವಿಚಾರವನ್ನು ಹೆಂಗಸರಿಗೆ ಮಾತ್ರ ಕೇಳಬಾರದು. ಅಡಚಣೆ ಬಸ್ಸಿನದ್ದಾದರೆ ಐದೂವರೆಯ ಮೀಟಿಂಗನ್ನು ಮೂರು ಗಂಟೆಗೆ ತನ್ನಿ, ಇಲ್ಲವೇ ವಾಹನ ಕೊಡಿ. ವ್ಯಕ್ತಿಯನ್ನು ಕೈಬಿಡುವುದು ಪರಿಹಾರವಲ್ಲ.

ಎರಡನೆಯದು ಮೀಟಿಂಗ್. ಸತತ ನಾಲ್ಕು ಮೀಟಿಂಗುಗಳಲ್ಲಿ ಒಬ್ಬ ಗಂಡಸು ಒಂದು ಹಾಳೆಯಲ್ಲಿ ಗೆರೆ ಎಳೆದು ಎಣಿಸಲಿ: ಯಾರು ಎಷ್ಟು ಸಲ ಮಾತಾಡಿದರು, ಯಾರ ಮಾತು ಅರ್ಧಕ್ಕೇ ನಿಂತಿತು, ಮಿನಿಟ್ಸ್ ಬರೆದವರು ಯಾರು, ಚಹಾಕ್ಕೆ ಹೇಳಿದವರು ಯಾರು. ಎಣಿಸುವ ಮೊದಲು "ನಮ್ಮಲ್ಲಿ ಹಾಗೇನಿಲ್ಲ" ಎನ್ನುವವರು ಹಾಳೆ ನೋಡಿದ ಮೇಲೆ ಬೇರೆ ಮಾತಾಡುತ್ತಾರೆ. ಮಿನಿಟ್ಸ್ ಬರೆಯುವ ಸರದಿಯನ್ನು ಹಾಜರಿ ಪಟ್ಟಿಯ ಕ್ರಮದಲ್ಲೇ ಹಂಚಿ. "ಯಾರಾದರೂ ಬರೆಯಿರಿ" ಎಂದರೆ ಅದು ಮತ್ತೆ ಹೆಂಗಸರ ಕಡೆಗೇ ಹೋಗುತ್ತದೆ.

ಹೆಂಗಸರ ಮಾತು ತುಂಡಾದಾಗ ಪಕ್ಕದ ಗಂಡಸು ಹೇಳಬೇಕಾದ್ದು ಒಂದೇ ವಾಕ್ಯ: "ಒಂದು ನಿಮಿಷ, ಮೇಡಂ ಹೇಳಿ ಮುಗಿಸಲಿ." ಅವರ ಸಲಹೆಯನ್ನೇ ಇನ್ನೊಬ್ಬರು ತಮ್ಮದೆಂಬಂತೆ ಹೇಳಿದರೆ, "ಇದನ್ನು ಆಗಲೇ ಮೇಡಂ ಹೇಳಿದ್ದಾರೆ, ಅವರೇ ವಿವರಿಸಲಿ." ಅಲ್ಲಿಗೆ ಸುಮ್ಮನಾಗಬೇಕು. ಉತ್ಸಾಹ ಹೆಚ್ಚಾಗಿ, ಅವರ ವಿಷಯವನ್ನು ತಾನೇ ಹತ್ತು ನಿಮಿಷ ವಿವರಿಸುವ ಬೆಂಬಲಿಗ ಮತ್ತೆ ಅವರ ಜಾಗವನ್ನೇ ತೆಗೆದುಕೊಂಡಂತೆ.

ಇದನ್ನೆಲ್ಲ ಕಲಿಸುವ ತರಬೇತಿಗೆ ಒಂದು ತಂಡದಲ್ಲಿ ಹನ್ನೆರಡರಿಂದ ಹದಿನೈದು ಜನ, ಒಂದೂವರೆ ಗಂಟೆ ಸಾಕು. ಮೊದಲ ಸಲ ಗಂಡಸರು ಮಾತ್ರ, ಎರಡನೆಯ ಸಲ ಎಲ್ಲರೂ. ಕಿರುಕುಳದ ಕಾನೂನಿನ ಶಿಕ್ಷೆಯ ಕಲಮುಗಳಿಂದ ಶುರುಮಾಡಿದರೆ ಗಂಡಸರು ಹೆದರಿ "ಇನ್ನು ಹೆಂಗಸರ ಹತ್ತಿರ ಮಾತೇ ಬೇಡ" ಎಂದು ದೂರ ಸರಿಯುತ್ತಾರೆ. ಆಗ ಹೊಸಬರಾಗಿ ಬಂದ ಹುಡುಗಿಯರಿಗೆ ಕೆಲಸ ಕಲಿಸುವವರೇ ಇರುವುದಿಲ್ಲ. ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಹಲವು ಸೂಪರ್‌ವೈಸರುಗಳು ದಿನವಿಡೀ ಮಾತಾಡುವುದು ತುಳುವಿನಲ್ಲಿ. ಅವರಿಗೆ ಇಂಗ್ಲಿಷ್ ಸ್ಲೈಡು ಬೇಡ, ತುಳುವಿನಲ್ಲೇ ನಡೆಸಿ. ಹೆಂಗಸರನ್ನು ಎಬ್ಬಿಸಿ ಅವರ ಕಹಿ ಅನುಭವ ಹೇಳಿಸುವುದಂತೂ ಬೇಡವೇ ಬೇಡ.

ಕಿರುಕುಳ ಕಣ್ಣಿಗೆ ಬಿದ್ದರೆ? ಹತ್ತು ಅಥವಾ ಹೆಚ್ಚು ಜನರಿರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಸಣ್ಣ ಅಂಗಡಿ, ಕಚೇರಿಗಳಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಕಂಡವರು ದಿನ, ಹೊತ್ತು, ಆಡಿದ ಮಾತನ್ನು ಅಂದೇ ಬರೆದಿಡಬೇಕು. ಆಮೇಲೆ ಕಿರುಕುಳಕ್ಕೆ ಒಳಗಾದವರನ್ನು ಅವರೊಬ್ಬರೇ ಇರುವಾಗ ಕೇಳಬೇಕು: "ನಾನು ನೋಡಿದೆ. ನಿಮಗೆ ಏನು ಬೇಕು?" ದೂರು ಕೊಡುವುದು, ಬಿಡುವುದು ಅವರ ತೀರ್ಮಾನ. ಅವರಿಗೆ ಕೊಡಲಾಗದಿದ್ದರೆ, ವಿಷಯ ತಿಳಿದವರು ಅವರ ಲಿಖಿತ ಒಪ್ಪಿಗೆ ಪಡೆದು ಕೊಡಬಹುದು. ದೂರು ಕೊಡುವ ಅವಧಿ ಘಟನೆಯಿಂದ ಮೂರು ತಿಂಗಳು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಕ್ಯಾಂಟೀನಿನಲ್ಲಿ ಈ ವಿಷಯ ಆಡಬಾರದು, ಗೋಪ್ಯತೆ ಕಾನೂನಿನ ಕಡ್ಡಾಯ.

ರಜೆಯ ವಿಷಯ ಹಲವರು ಮರೆಯುತ್ತಾರೆ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯೂ ಮನಸ್ಸು ಮಾಡಿದರೆ ಅಷ್ಟು ಕೊಡಬಹುದು. ಕೊಟ್ಟ ಕಡೆಯೂ ಯಾರೂ ತೆಗೆದುಕೊಳ್ಳದಿದ್ದರೆ, ಮಗು ನೋಡುವುದು ತಾಯಿಯ ಕೆಲಸವಾಗಿಯೇ ಉಳಿಯುತ್ತದೆ, ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಂಗಸರ ಬಗ್ಗೆ ಮಾತ್ರ ಹಿಂಜರಿಕೆ ಹುಟ್ಟುತ್ತದೆ. ಹಾಗಾಗಿ ಮ್ಯಾನೇಜರ್‌ಗೆ ಮಗುವಾದಾಗ ಅವರು ಪೂರ್ತಿ ರಜೆ ತೆಗೆದುಕೊಳ್ಳಲಿ, ಆ ದಿನಗಳಲ್ಲಿ ಅವರಿಗೆ ಫೋನ್ ಹೋಗದಂತೆ ಕೆಲಸವನ್ನು ಮೊದಲೇ ಹಂಚಿಡಲಿ. 50 ಅಥವಾ ಹೆಚ್ಚು ನೌಕರರಿದ್ದಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ಅದರ ಬಾಗಿಲಲ್ಲಿ "ತಾಯಂದಿರಿಗೆ" ಎಂದಷ್ಟೇ ಬರೆಯದೆ, ಅಪ್ಪಂದಿರ ಹೆಸರುಗಳನ್ನೂ ನೋಂದಣಿ ಪುಸ್ತಕದಲ್ಲಿ ಬರೆಸಿಕೊಳ್ಳಿ.