ಹೊಯ್ ಅಂದವರು ಯಾರು?

ಜನವರಿಯ ಒಂದು ಮಧ್ಯಾಹ್ನ ಮೂವರು ಹುಡುಗರು ನಮ್ಮ ಮನೆಗೆ ಬಂದರು. ಮೂಡಿಗೆರೆ ಕಡೆಯವರು. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಅರ್ಧ ಕಣದಲ್ಲಿ ಕಾಫಿ ಹರವಿತ್ತು. ಒಬ್ಬನ ಮೈಮೇಲೆ ತೋಳು ಹರಿದ ಬಿಳಿ ಕರಾಟೆ ಅಂಗಿ, ಹಣೆಗೆ ಕೆಂಪು ಪಟ್ಟಿ. ಇನ್ನೊಬ್ಬನದೂ ಅದೇ ಅಂಗಿ, ಬಣ್ಣ ಮಾತ್ರ ಕೆಂಪು. ಸ್ಟ್ರೀಟ್ ಫೈಟರ್ ಅನ್ನುವ ವಿಡಿಯೋ ಗೇಮ್‌ನ ರ್ಯು ಮತ್ತು ಕೆನ್ ಅಂತ ಅವರು ಹೇಳಬೇಕಾಗಿರಲಿಲ್ಲ. ಮೂರನೆಯವನು ಕ್ಯಾಮೆರಾಮನ್, ಎಡಿಟರ್, ಜೊತೆಗೆ ಬೈಕ್ ಓನರ್.

ಎಂಟು ನಿಮಿಷದ ಸಿನಿಮಾ ಮಾಡಿದ್ದರು. ಅದರಲ್ಲಿ ಏಳು ನಿಮಿಷ ಬರೀ ಫೈಟು. ಫೋನಿನಲ್ಲಿ ತೋರಿಸಿದರು. ಸುಳ್ಳು ಹೇಳಬಾರದು, ಹುಡುಗರು ಚೆನ್ನಾಗಿ ಪ್ರಾಕ್ಟೀಸ್ ಮಾಡಿದ್ದರು. ಗೇಮ್‌ನಲ್ಲಿರುವ ಗುದ್ದು, ಒದೆ, ಗಾಳಿಯಲ್ಲಿ ಗಿರಕಿ ಎಲ್ಲ ಹಾಗ್ಹಾಗೇ ಇತ್ತು. ಆದರೂ ಎರಡನೇ ನಿಮಿಷಕ್ಕೆ ನನ್ನ ಕಣ್ಣು ಕಣದ ಕಡೆ ಹೊರಳಿತು. ಕಾಫಿ ತಿರುವಿ ಹಾಕುತ್ತಿದ್ದ ಅಕ್ಕ ಒಬ್ಬರು ಬಂದು ನನ್ನ ಹೆಗಲ ಮೇಲಿಂದ ಇಣುಕಿದರು. ಸ್ವಲ್ಪ ಹೊತ್ತು ನೋಡಿ, 'ಪಾಪ, ಯಾಕ್ ಹೊಡೀತಿದಾನೆ ಅವನಿಗೆ?' ಅಂದರು.

ಹುಡುಗರು ಮುಖ ಮುಖ ನೋಡಿಕೊಂಡರು. 'ಗೇಮ್ ಆಡುವಾಗ ಯಾರೂ ಹಾಗೆ ಕೇಳಲ್ಲ ಅಲ್ವಾ ಸಾರ್?' ಅಂದ ಕೆಂಪು ಅಂಗಿಯವನು.

ಒಳ್ಳೇ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ಮೊದಲು ಫೈಟರ್ ಆಗಿ, ಆಮೇಲೆ ಮಾಸ್ಟರ್‌ಗಳ ಹತ್ತಿರ ಅಸಿಸ್ಟೆಂಟ್ ಆಗಿ ಫೈಟ್ ಕಂಪೋಸ್ ಮಾಡಿದವನು. ಮಂಡಿ ಕೈಕೊಟ್ಟ ಮೇಲೆ ಊರಿಗೆ ಬಂದು ಕಾಫಿ ನೋಡಿಕೊಂಡಿದ್ದೇನೆ. ಗೇಮ್ ಕೂಡ ಆಡುತ್ತೇನೆ, ಸೋಲೋದೇ ಜಾಸ್ತಿ. ಹಾಗಾಗಿ ಎರಡೂ ಕಡೆಯ ಮಾತು ಹೇಳಬಲ್ಲೆ.

ಗೇಮ್‌ನಲ್ಲಿ ಹೊಡೆಯುವವರು ನೀವೇ. ಬಟನ್ ಒತ್ತಿದ್ದು ನಿಮ್ಮ ಹೆಬ್ಬೆರಳು. ಯಾಕೆ ಹೊಡೆಯುತ್ತೀರಿ? ಪಕ್ಕದಲ್ಲಿ ಕೂತ ಗೆಳೆಯನನ್ನು ಸೋಲಿಸಬೇಕು, ಅಷ್ಟೇ. ಆ ಕಾರಣ ಪರದೆಯ ಹೊರಗಿದೆ. ಸಿನಿಮಾ ನೋಡುವವನ ಕೈ ಖಾಲಿ. ಹೆಚ್ಚೆಂದರೆ ಒಂದು ಕೋನ್ ಪಾಪ್‌ಕಾರ್ನ್ ಇರುತ್ತೆ. ಅವನಿಗೆ ಕಾರಣವನ್ನು ಪರದೆಯ ಒಳಗೇ ಕೊಡಬೇಕು.

ಇನ್ನೊಂದು ವ್ಯತ್ಯಾಸ ಲೆಕ್ಕದ್ದು. ಫೈಟಿಂಗ್ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಪ್ರತಿ ಏಟಿಗೂ ಮೂರು ಭಾಗ: ಕೈ ಹೊರಡುವ ಫ್ರೇಮ್‌ಗಳು, ತಗುಲುವ ಫ್ರೇಮ್‌ಗಳು, ಕೈ ವಾಪಸ್ ಬರುವ ಫ್ರೇಮ್‌ಗಳು. ಚುರುಕಾದ ಗುದ್ದು ನಾಲ್ಕೈದು ಫ್ರೇಮ್‌ನಲ್ಲಿ ಹೊರಟು ತಗುಲಿಬಿಡುತ್ತೆ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ಗೇಮ್‌ನ ನಾಲ್ಕು ಫ್ರೇಮ್ ಅಂದರೆ ಇಲ್ಲಿ ಎರಡು ಫ್ರೇಮ್ ಕೂಡ ಆಗಲ್ಲ. ಅಷ್ಟು ಬೇಗ ಹೊಡೆಯೋದು ಮನುಷ್ಯರಿಗೆ ಕಷ್ಟ. ಹೊಡೆದರೂ ನೋಡುವವನಿಗೆ ಕಾಣಲ್ಲ. ಗೇಮ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಏಟು ತಗುಲಿದ ಕ್ಷಣದಲ್ಲಿ ಇಬ್ಬರನ್ನೂ ಒಂದಿಷ್ಟು ಫ್ರೇಮ್ ಹಾಗೇ ನಿಲ್ಲಿಸಿಬಿಡುತ್ತಾರೆ. ಹಿಟ್‌ಸ್ಟಾಪ್ ಅಂತಾರೆ. ದೊಡ್ಡ ಏಟಿಗೆ ಹತ್ತು ಫ್ರೇಮ್ ಆಸುಪಾಸು, ಅಂದರೆ ಸೆಕೆಂಡಿನ ಆರನೇ ಒಂದು ಭಾಗ. ನಿಂತಿದ್ದು ನಮಗೆ ಗೊತ್ತಾಗಲ್ಲ, ಏಟಿನ ಭಾರ ಮಾತ್ರ ಗೊತ್ತಾಗುತ್ತೆ.

ನಿಂತ ಏಟು ಅಂದಾಗ ನನಗೆ ಬೇಲೂರು ನೆನಪಾಗುತ್ತೆ. ಚೆನ್ನಕೇಶವ ದೇವಸ್ಥಾನದ ಬಾಗಿಲ ಪಕ್ಕ ಸಳ ಮೃಗದ ಜೊತೆ ಕಾದಾಡುವ ಶಿಲ್ಪ ಇದೆಯಲ್ಲ, ಅದು. ಕಥೆಯಲ್ಲಿ ಹುಲಿ, ಕಲ್ಲಿನಲ್ಲಿ ನೋಡಿದರೆ ಸಿಂಹ. ಆ ಜಗಳ ಬೇಡ. 1117ರ ದೇವಸ್ಥಾನ, ಅಲ್ಲಿಂದ ಇಲ್ಲಿಯವರೆಗೆ ಆ ಏಟು ನಿಂತೇ ಇದೆ. ಮೈ ಬಾಗಿದ್ದು, ಕಾಲು ಊರಿದ್ದು, ಕೈ ಎತ್ತಿದ್ದು ನೋಡಿ. ನಾವು ಫೈಟ್ ಕಂಪೋಸ್ ಮಾಡುವಾಗ ಮೊದಲು ಹುಡುಕೋದು ಇಂಥ ಪೋಸನ್ನೇ. ಫೈಟಿಂಗ್ ಗೇಮ್‌ನ ಪಾತ್ರಗಳನ್ನು ಬರೆಯುವವರು ಹುಡುಕೋದೂ ಅದನ್ನೇ. ನೆರಳು ನೋಡಿದರೂ ಯಾರು, ಯಾವ ಏಟು ಅಂತ ಗೊತ್ತಾಗಬೇಕು.

ಆದರೆ ಆ ಶಿಲ್ಪದ ಮುಂದೆ ನಿಂತಾಗ ನಮ್ಮ ಮೈ ಜುಮ್ಮೆನ್ನುವುದು ಪೋಸ್ ಒಂದರಿಂದಲೇ ಅಲ್ಲ. ಅಂಗಡಿ ಅನ್ನುವ ಊರು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ, ಹಳೆಯ ಸೊಸೆವೂರು. ವಾಸಂತಿಕೆ ಗುಡಿಯ ಹತ್ತಿರ ಮೃಗ ಎದುರಾಯಿತು, ಗುರು ಸುದತ್ತ ಮುನಿ 'ಹೊಯ್ ಸಳ' ಅಂದರು, ಹುಡುಗ ಹೊಡೆದ. ಈ ಸೀಮೆಯಲ್ಲಿ ಇದನ್ನು ಕೇಳದೆ ಬೆಳೆದವರು ಕಡಿಮೆ. ಅಪಾಯದಲ್ಲಿ ಇದ್ದವರು ಯಾರು, ಹೊಯ್ ಅಂದವರು ಯಾರು, ಹೊಡೆದವನು ಯಾರು, ಎಲ್ಲ ನಮಗೆ ಮೊದಲೇ ಗೊತ್ತು. ಗೇಮ್ ಆ ಕಲ್ಲಿನ ಹಾಗೆ. ಸಿನಿಮಾ ಮಾಡುವವನು 'ಹೊಯ್' ಅನ್ನುವ ಮಾತನ್ನೂ ತರಬೇಕು.

ಹಾಲಿವುಡ್‌ನವರು ಇದನ್ನು ಒಂದೇ ವರ್ಷದ ಅಂತರದಲ್ಲಿ ಎರಡು ಥರ ಮಾಡಿದರು. 1994ರಲ್ಲಿ ಬಂದ ಸ್ಟ್ರೀಟ್ ಫೈಟರ್ ಸಿನಿಮಾ ಗೇಮ್‌ನಲ್ಲಿದ್ದ ಪಂದ್ಯಾವಳಿಯನ್ನೇ ಬಿಟ್ಟಿತು. ಸೈನ್ಯ, ದೋಣಿ, ಒತ್ತೆಯಾಳುಗಳು, ಎಲ್ಲ ಸೇರಿ ಯುದ್ಧದ ಸಿನಿಮಾ ಆಯಿತು. ಜಾನ್ ಕ್ಲಾಡ್ ವ್ಯಾನ್ ಡ್ಯಾಮ್ ಮಾಡಿದ ಗೈಲ್ ಹೀರೋ. ಗೇಮ್‌ನ ಮುಖವೇ ಆದ ರ್ಯು, ಕೆನ್ ಸಣ್ಣಪುಟ್ಟ ಮೋಸ ಮಾಡುವವರಾಗಿ ಒಂದು ಪಕ್ಕಕ್ಕೆ ಹೋದರು. ಅಷ್ಟು ಪಾತ್ರ ತುಂಬಿದರೆ ಯಾರ ಏಟಿಗೂ ಕಾರಣ ಹೇಳಲು ಪುರುಸೊತ್ತು ಎಲ್ಲಿ? ಅದರಲ್ಲಿ ಉಳಿಯುವುದು ವಿಲನ್ ಬೈಸನ್ ಆಗಿದ್ದ ರಾಲ್ ಜೂಲಿಯಾ. ಶೂಟಿಂಗ್ ಹೊತ್ತಿಗೇ ಅವರಿಗೆ ಕಾಯಿಲೆ. ಅಕ್ಟೋಬರ್‌ನಲ್ಲಿ ತೀರಿಕೊಂಡರು, ಸಿನಿಮಾ ಡಿಸೆಂಬರ್‌ನಲ್ಲಿ ಬಂತು. ಮುಖ ಸೊರಗಿದೆ, ಆದರೂ ಬೇರೆಯವರ ಒದೆಗಳಿಗಿಂತ ಅವರ ಒಂದು ನೋಟಕ್ಕೆ ಜಾಸ್ತಿ ತೂಕ ಇದೆ.

1995ರ ಮಾರ್ಟಲ್ ಕಾಂಬ್ಯಾಟ್, ಇದೂ ಫೈಟಿಂಗ್ ಗೇಮ್‌ನಿಂದಲೇ ಬಂದ ಸಿನಿಮಾ, ದೊಡ್ಡ ಬುದ್ಧಿವಂತಿಕೆ ಏನೂ ಮಾಡಲಿಲ್ಲ. ಗೇಮ್‌ನಲ್ಲಿದ್ದ ಪಂದ್ಯಾವಳಿಯನ್ನೇ ಇಟ್ಟುಕೊಂಡಿತು. ಮೂವರಿಗೆ ಮೂರು ಕಾರಣ ಕೊಟ್ಟಿತು. ಲಿಯು ಕಾಂಗ್‌ನ ತಮ್ಮನನ್ನು ಕೊಂದಿದ್ದಾರೆ. ಸೋನ್ಯಾ ತನ್ನ ಜೊತೆಗಾರನನ್ನು ಕೊಂದವನ ಬೆನ್ನು ಹತ್ತಿದ್ದಾಳೆ. ಜಾನಿ ಕೇಜ್ ಸಿನಿಮಾ ನಟ, ಅವನ ಫೈಟೆಲ್ಲ ಬರೀ ಕಣ್ಕಟ್ಟು ಅಂತ ಪೇಪರ್‌ನವರು ಬರೆದಿದ್ದಾರೆ. ನಮ್ಮ ಕಸುಬಿನವರಿಗೆ ಈ ಕೊನೆಯವನ ಸಂಕಟ ಸ್ವಲ್ಪ ಜಾಸ್ತಿಯೇ ಅರ್ಥವಾಗುತ್ತೆ. ಇಷ್ಟು ಇದ್ದಿದ್ದಕ್ಕೇ ಜನ ಇನ್ನೂ ಬೇಕು ಅಂದರು. ಬಿಡುಗಡೆಗೆ ಮುಂಚೆ ಕೆಲವರಿಗೆ ತೋರಿಸಿದಾಗ ಫೈಟ್ ಸಾಲದು ಅಂತ ಮಾತು ಬಂದು, ಮತ್ತೆ ಶೂಟ್ ಮಾಡಿ ಸೇರಿಸಿದರು. ಫೈಟ್ ಜಾಸ್ತಿಯಾಗಿ ಬೋರ್ ಹೊಡೆಸುವ ಸಿನಿಮಾಗಳ ನಡುವೆ ಇದು ಅಪರೂಪ.

2021ರ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ನನಗೆ ಮೊದಲ ಹತ್ತು ನಿಮಿಷ ಸಾಕು. ಗೇಮ್‌ನ ಸ್ಕಾರ್ಪಿಯನ್ ಹಗ್ಗಕ್ಕೆ ಕಟ್ಟಿದ ಚೂರಿ ಎಸೆದು ಎದುರಾಳಿಯನ್ನು ಎಳೆದುಕೊಳ್ಳುತ್ತಾನೆ. ಗೇಮ್‌ನಲ್ಲಿ ಅದೊಂದು ಬಟನ್ ಅಷ್ಟೇ. ಸಿನಿಮಾದಲ್ಲಿ ಅದು ಅವನ ಹೆಂಡತಿ ಕೈತೋಟದಲ್ಲಿ ಮಣ್ಣು ಕೆದಕುತ್ತಿದ್ದ ಸಾಮಾನು. ಹೆಂಡತಿ ಮಗ ಇಬ್ಬರೂ ಸತ್ತ ಮೇಲೆ ಅವನು ಅದಕ್ಕೆ ಹಗ್ಗ ಕಟ್ಟುತ್ತಾನೆ. ತೋಟದ ಕತ್ತಿ ಹಿಡಿದು ಗೊತ್ತಿರುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಗೇಮ್‌ನಲ್ಲೇ ಇಲ್ಲದ ಒಬ್ಬ ಹೊಸ ಹೀರೋನನ್ನು ತಂದರು. ಅಲ್ಲಿಂದ ನನ್ನ ಮನಸ್ಸು ಆಚೆ ಹೋಯಿತು.

ಹುಡುಗರಿಗೆ ಇಷ್ಟು ಹೇಳಿ ಕಣಕ್ಕೆ ಇಳಿಸಿದೆ. ಅವರ ಮೊದಲ ತಪ್ಪು ಕ್ಯಾಮೆರಾ ಇಟ್ಟ ಜಾಗ. ಗೇಮ್‌ನಲ್ಲಿ ಹೇಗೆ ಕಾಣುತ್ತೋ ಹಾಗೇ, ಪಕ್ಕದಿಂದ, ಇಬ್ಬರೂ ಪೂರ್ತಿ ಕಾಣುವಂತೆ ಇಟ್ಟಿದ್ದರು. ಫೈಟ್‌ಗೆ ಇದಕ್ಕಿಂತ ಕೆಟ್ಟ ಆ್ಯಂಗಲ್ ಇಲ್ಲ. ಮುಷ್ಟಿಗೂ ಮುಖಕ್ಕೂ ನಡುವಿನ ಗ್ಯಾಪ್ ಎದ್ದು ಕಾಣುತ್ತೆ. ಗ್ಯಾಪ್ ಕಾಣಬಾರದು ಅಂತ ಹುಡುಗರು ನಿಜವಾಗಿಯೇ ಹೊಡೆದುಕೊಂಡಿದ್ದರು. ಕೆಂಪು ಅಂಗಿ ಬಿಚ್ಚಿಸಿ ನೋಡಿದೆ, ಪಕ್ಕೆಲುಬಿನ ಹತ್ತಿರ ನೀಲಿಗಟ್ಟಿತ್ತು.

ಕ್ಯಾಮೆರಾವನ್ನು ಏಟು ತಿನ್ನುವವನ ಹೆಗಲ ಹಿಂದಕ್ಕೆ ತಂದೆವು. ಮುಷ್ಟಿ ಮುಖದಿಂದ ಒಂದು ಗೇಣಿಗಿಂತ ಜಾಸ್ತಿ ದೂರದಲ್ಲೇ ಹಾದು ಹೋಗಲಿ, ಆದರೆ ಕ್ಯಾಮೆರಾ ಕಣ್ಣಿಗೆ ಮುಷ್ಟಿ ಮುಖವನ್ನು ದಾಟಬೇಕು. ದಾಟಿದ ಕ್ಷಣಕ್ಕೆ ತಲೆ ತಿರುಗಬೇಕು. ಮೊದಲು ತಿರುಗಿದರೆ ನಗು ಬರುತ್ತೆ, ತಡವಾದರೆ ಇನ್ನೂ ನಗು. ಹೊಡೆಯುವವನದು ಅರ್ಧ ಕೆಲಸ, ತಿನ್ನುವವನದು ಮುಕ್ಕಾಲು ಕೆಲಸ. ಲೆಕ್ಕ ತಪ್ಪಿದೆ ಅಂತ ಗೊತ್ತು, ಆದರೆ ಸೆಟ್‌ನಲ್ಲಿ ಹಾಗೇ ಇರುತ್ತೆ. ಮೊದಲ ಏಳು ಟೇಕ್ ಕೆಟ್ಟವು. ಎಂಟನೆಯದರಲ್ಲಿ ಬಿಳಿ ಅಂಗಿಯವನು ತಲೆ ತಿರುಗಿಸಿದ ಮೇಲೆ ಒಂದು ಹೆಜ್ಜೆ ತಪ್ಪಿ, ನೆಲಕ್ಕೆ ಕೈ ಊರಿ, ಬಾಯಿ ಒರೆಸಿಕೊಂಡ. ಅಲ್ಲಿ ನಾವು ಯಾರೂ ಮಾತಾಡಲಿಲ್ಲ. ಎಡಿಟ್ ಮಾಡುವಾಗ ಏಟಿನ ಜಾಗದಲ್ಲಿ ಎರಡು ಫ್ರೇಮ್ ತೆಗೆದೆವು. ಗೇಮ್‌ನವರು ನಿಲ್ಲಿಸಿ ಭಾರ ತರುತ್ತಾರೆ, ನಾವು ಕತ್ತರಿಸಿ ತರುತ್ತೇವೆ.

ಎರಡನೇ ತಪ್ಪು ಸುಸ್ತು. ಗೇಮ್‌ನಲ್ಲಿ ಪ್ರಾಣದ ಪಟ್ಟಿ ಪರದೆಯ ಮೇಲ್ಗಡೆ ಇರುತ್ತೆ. ಅದು ಕೂದಲೆಳೆಯಷ್ಟು ಉಳಿದಿದ್ದರೂ ಪಾತ್ರ ಮೊದಲಿನಷ್ಟೇ ಜೋರಾಗಿ ಒದೆಯುತ್ತೆ. ಸಿನಿಮಾದಲ್ಲಿ ಆ ಪಟ್ಟಿ ಮೈಯಲ್ಲೇ ಇರಬೇಕು: ಉಸಿರಿನಲ್ಲಿ, ಕುಂಟುವ ಕಾಲಿನಲ್ಲಿ, ಎತ್ತಲಾಗದ ಕೈಯಲ್ಲಿ. ನನ್ನ ಮಂಡಿ ಹೋಗಿದ್ದು ಒಂದು ಸೆಟ್‌ನಲ್ಲಿ ತೆಳ್ಳಗಿನ ಮ್ಯಾಟ್ ಹಾಕಿ ಮೊದಲ ಮಹಡಿಯಿಂದ ಬೀಳಿಸಿದಾಗ. ಬಿದ್ದಾಗ ಏನೂ ಅನ್ನಿಸಲಿಲ್ಲ. ಎದ್ದು ಎರಡು ಹೆಜ್ಜೆ ಇಟ್ಟಾಗ ಗೊತ್ತಾಯಿತು. ಆ ಎರಡು ಹೆಜ್ಜೆ ಹೇಗಿತ್ತು ಅಂತ ಹುಡುಗರಿಗೆ ಮಾಡಿ ತೋರಿಸಿದೆ, ಅದನ್ನು ಕೆನ್ ಎತ್ತಿಕೊಂಡ. ಅವರ 40 ಏಟಿನ ಫೈಟ್ 11 ಏಟಿಗೆ ಇಳಿಯಿತು.

ಸದ್ದಿನ ಬಗ್ಗೆ ಜಾಸ್ತಿ ಹೇಳಲ್ಲ. ಕೊಪ್ಪ, ಶೃಂಗೇರಿ ಕಡೆ ಬಯಲಾಟ ನೋಡಿ ಬೆಳೆದವರಿಗೆ ಗೊತ್ತು, ಯುದ್ಧದಲ್ಲಿ ವೇಷಧಾರಿಗಳು ಒಬ್ಬರನ್ನೊಬ್ಬರು ಮುಟ್ಟಲ್ಲ, ಏಟು ಬೀಳೋದು ಚೆಂಡೆಯ ಮೇಲೆ. ನಾವು ಒದ್ದೆ ಗೋಣಿಚೀಲಕ್ಕೆ ದೊಣ್ಣೆಯಿಂದ ಬಡಿದು ರೆಕಾರ್ಡ್ ಮಾಡಿದೆವು.

ಉಳಿದಿದ್ದು ಕಾರಣ. ಹುಡುಗರು ನಾಲ್ಕು ಪುಟ ಬರೆದುಕೊಂಡು ಬಂದರು. ಅನಾಥ ಮಗು, ರಾಕ್ಷಸ, ಕಳೆದುಹೋದ ಖಡ್ಗ, ಎಲ್ಲ ಇತ್ತು. ಗೇಮ್‌ನಲ್ಲಿ ಏನಿದೆ ಅಂತ ಕೇಳಿದೆ. ರ್ಯು, ಕೆನ್ ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು, ಗೆಳೆಯರು. ಕೆನ್ ದುಡ್ಡಿರುವ ಮನೆಯವನು, ರ್ಯು ಊರೂರು ಅಲೆಯುವವನು. ಇಷ್ಟು ಸಾಕಲ್ಲ! 2014ರಲ್ಲಿ ಅಸಾಸಿನ್ಸ್ ಫಿಸ್ಟ್ ಅನ್ನುವ ವೆಬ್ ಸರಣಿ ಮಾಡಿದವರು ಹೆಚ್ಚುಕಡಿಮೆ ಇಷ್ಟನ್ನೇ ಇಟ್ಟುಕೊಂಡು, ಅವರ ಕಲಿಕೆಯನ್ನೇ ಕಥೆ ಮಾಡಿದರು. ನನ್ನ ಲೆಕ್ಕದಲ್ಲಿ ಸ್ಟ್ರೀಟ್ ಫೈಟರ್‌ಗೆ ನಟರನ್ನಿಟ್ಟು ಮಾಡಿದ ಕೆಲಸಗಳಲ್ಲಿ ಅದೇ ಗಟ್ಟಿ.

ನಾವು ಗುರುವನ್ನು ಸಾಯಿಸಿದೆವು. ರ್ಯು ಇಲ್ಲೇ ಇದ್ದು ಅವರ ಆರೈಕೆ ಮಾಡಿದ. ಕೆನ್ ಬೆಂಗಳೂರಿಗೆ ಹೋದವನು ಸುದ್ದಿ ಕೇಳಿಯೂ ಬರಲಿಲ್ಲ. ಈಗ ಬಂದಿದ್ದಾನೆ, ಹೊಸ ಶೂ ಹಾಕಿಕೊಂಡು. ರ್ಯು ಕಣ ಗುಡಿಸುತ್ತಿದ್ದಾನೆ, ತಲೆ ಎತ್ತಲ್ಲ. 'ತಿಥಿಗಾದ್ರೂ ಬರಬಹುದಿತ್ತು' ಅನ್ನುತ್ತಾನೆ. ಕೆನ್ ನಗಲು ನೋಡುತ್ತಾನೆ. ಪೊರಕೆ ಕೆಳಗೆ ಬೀಳುತ್ತೆ.

ಕೊನೆಗೆ ಬೆಂಕಿಯುಂಡೆಯ ತಲೆನೋವು. ಗೇಮ್‌ನಲ್ಲಿ ರ್ಯು ಅಂಗೈಯಿಂದ ಎಸೆಯುವ ಉಂಡೆ, ಹಡೋಕೆನ್ ಅಂತಾರೆ. ಹಡೋಕೆನ್ ಇಲ್ಲದೆ ಸ್ಟ್ರೀಟ್ ಫೈಟರ್ ಅಂತ ಹೇಳೋದು ಹೇಗೆ ಸಾರ್ ಅಂತ ಕ್ಯಾಮೆರಾಮನ್ ಪಟ್ಟು ಹಿಡಿದ. ಆ್ಯಪ್‌ನಲ್ಲಿ ಹಾಕಿದ್ದ ನೀಲಿ ಬೆಳಕು ದೀಪಾವಳಿ ಸ್ಟಿಕರ್ ಥರ ಇತ್ತು. ನಾವು ಉಂಡೆಯನ್ನು ತೋರಿಸಲೇ ಇಲ್ಲ. ಬಿಳಿ ಅಂಗಿಯವನು ಎರಡೂ ಅಂಗೈ ಮುಂದಕ್ಕೆ ತಳ್ಳುತ್ತಾನೆ, ಕಟ್. ಎದುರುಗಡೆ ತೋಟದ ಎಲೆ ಹಾರಿಸುವ ಬ್ಲೋವರ್ ಹಿಡಿದು ನಾನು ಕೂತಿದ್ದೆ. ಕಣದ ಮೂಲೆಯ ಕಾಫಿ ಸಿಪ್ಪೆ, ಧೂಳು ಎಲ್ಲ ಒಮ್ಮೆಗೇ ಎದ್ದು ಕೆನ್‌ನ ಮುಖಕ್ಕೆ ಹೊಡೆಯಿತು. ಅವನು ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬಿದ್ದಿದ್ದು ನಟನೆ ಅಲ್ಲ. ಒಂದೇ ಟೇಕ್.

ಸಿಪ್ಪೆಯ ಜೊತೆ ಹರವಿದ್ದ ಕಾಫಿಯೂ ಚರಂಡಿಯವರೆಗೆ ಹಾರಿತ್ತು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. ಕತ್ತಲಾಗುವವರೆಗೆ ರ್ಯು, ಕೆನ್, ನಾನು ಮೂವರೂ ಒಂದೊಂದೇ ಬೀಜ ಹೆಕ್ಕಿದೆವು. ಕ್ಯಾಮೆರಾಮನ್ ಅದನ್ನೂ ಶೂಟ್ ಮಾಡಿಕೊಂಡ.