ಚೆಸ್ಟರ್‌ಫೀಲ್ಡ್ ಚರ್ಚಿನ ಶಿಖರ ತಿರುಚಿಕೊಂಡಿದ್ದು ಹೇಗೆ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನಲ್ಲಿ ಚರ್ಚೊಂದರ ಶಿಖರ ಸೊಟ್ಟಗೆ ತಿರುಚಿಕೊಂಡಿರುವ ಫೋಟೊ ನೋಡಿದೆ. ಬೇಕಂತಲೇ ಹಾಗೆ ಕಟ್ಟಿದ್ದಾ? ಬೀಳುವುದಿಲ್ವಾ?

ಬೇಕಂತ ಕಟ್ಟಿದ್ದಲ್ಲ. ಕಟ್ಟಿದಾಗ ನೆಟ್ಟಗೇ ಇತ್ತು, ಆಮೇಲೆ ತಿರುಚಿಕೊಂಡಿತು.

ಡರ್ಬಿಶೈರ್ ಕೌಂಟಿಯ ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಚರ್ಚು ಅದು. ಶಿಖರ ಎದ್ದಿದ್ದು 1362ರ ಸುಮಾರಿಗೆ. ನೆಲದಿಂದ ತುದಿಗೆ 228 ಅಡಿ. ತುದಿ ಇರಬೇಕಾದ ಜಾಗದಿಂದ ಸುಮಾರು 9.5 ಅಡಿ ಆಚೆ ವಾಲಿದೆ, ಸಾಲದ್ದಕ್ಕೆ 45 ಡಿಗ್ರಿ ತಿರುಗಿದೆ. ಕೆಳಗಿನ ಗೋಪುರ ಕಲ್ಲಿನದು. ಮೇಲಿನ ಶಿಖರ ಮಾತ್ರ ಮರದ ಹಂದರ, ಅದರ ಮೇಲೆ ಸೀಸದ ಹೊದಿಕೆ.

ಹಸಿ ಮರ ಬಳಸಿದರು, ಒಣಗಿದಾಗ ಸೊಟ್ಟಗಾಯಿತು ಅನ್ನುವ ಉತ್ತರ ಎಲ್ಲ ಕಡೆ ಸಿಗುತ್ತದೆ. ನನಗೆ ಅದು ಅರ್ಧ ಉತ್ತರ. ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್‌ನಲ್ಲಿ ಉಳಿ ಇಳಿಯುವುದೇ ಕಷ್ಟ. ಹಸಿ ಮರವೊಂದೇ ಕಾರಣವಾಗಿದ್ದರೆ ಇಂಗ್ಲೆಂಡಿನ ಹಳೇ ಚಾವಣಿಗಳೆಲ್ಲ ತಿರುಚಿಕೊಳ್ಳಬೇಕಿತ್ತು, ಅಲ್ವಾ?

ಕೊರತೆ ಇದ್ದದ್ದು ಒಳಗಿನ ಹಂದರದಲ್ಲಿ. ಉದ್ದದ ತೊಲೆಗಳನ್ನು ಓರೆಯಾಗಿ ಬಿಗಿಯುವ ಅಡ್ಡ ಮರಗಳು ಸಾಕಷ್ಟಿರಲಿಲ್ಲ. ಮರ ಒಣಗುತ್ತ ಹೊರಳತೊಡಗಿದರೆ ಹಿಡಿದು ನಿಲ್ಲಿಸಲು ಏನೂ ಇಲ್ಲ. ಮೇಲೆ ಸುಮಾರು 33 ಟನ್ ಸೀಸದ ಭಾರ. ಬಿಸಿಲೂ ಒಂದು ಕೈ ಜೋಡಿಸಿತು. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಅಲ್ಲಿ ವರ್ಷವಿಡೀ ಮಧ್ಯಾಹ್ನ ದಕ್ಷಿಣಕ್ಕೇ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಸೀಸ ಕಾದು ಹಿಗ್ಗುತ್ತದೆ, ಉತ್ತರದ್ದು ಅಷ್ಟು ಕಾಯುವುದೇ ಇಲ್ಲ.

ಅಡ್ಡ ಮರ ಯಾಕೆ ಬಿಟ್ಟರು? 1348–49ರ ಪ್ಲೇಗಿನಲ್ಲಿ ನುರಿತ ಬಡಗಿಗಳು ಸತ್ತುಹೋಗಿ, ಕೈ ಪಳಗದವರ ಪಾಲಿಗೆ ಕೆಲಸ ಬಂತು ಅನ್ನುತ್ತಾರೆ. ಊಹೆಯೇ, ಆದರೆ ಇಸವಿಗಳು ಹೊಂದುತ್ತವೆ.

ಸ್ವಲ್ಪ ಕಣ್ಣಿನ ಮೋಸವೂ ಇದೆ. ಸೀಸದ ತಗಡುಗಳನ್ನು ಮೀನಿನ ಮುಳ್ಳಿನಂತೆ ಎರಡೂ ಕಡೆಗೆ ಓರೆಯಾಗಿ ಜೋಡಿಸಿದ್ದಾರೆ. ಶಿಖರದ 8 ಮುಖಗಳೂ ಚಪ್ಪಟೆ. ಆದರೂ ನಡುವೆ ಮಡಿಕೆ ಬಿದ್ದಂತೆ ಕಂಡು, ತಿರುಚು ಇರುವುದಕ್ಕಿಂತ ಜಾಸ್ತಿ ಅನಿಸುತ್ತದೆ.

ಊರಿನ ಜನ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಬೋಲ್ಸೋವರ್‌ನ ಕಮ್ಮಾರ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೇ ಇಳಿಯಿತಂತೆ, ಅವನು ನೋವಿಗೆ ಹಾರಿ ಶಿಖರಕ್ಕೆ ಒದ್ದನಂತೆ. ಕನ್ಯೆಯೊಬ್ಬಳು ಮದುವೆಗೆ ಬಂದದ್ದು ಕಂಡು ಶಿಖರವೇ ಬೆರಗಾಗಿ ಬಗ್ಗಿ ನೋಡಿತು ಅನ್ನುವ ಪೋಲಿ ಕಥೆಯೂ ಇದೆ. ಇನ್ನೊಬ್ಬಳು ಬಂದರೆ ನೆಟ್ಟಗಾಗುತ್ತದಂತೆ! ಅಲ್ಲಿನ ಫುಟ್‌ಬಾಲ್ ತಂಡದ ಅಡ್ಡಹೆಸರೂ ಶಿಖರದಿಂದಲೇ (ಇಂಗ್ಲಿಷಿನಲ್ಲಿ ಸ್ಪೈರ್) ಬಂದದ್ದು: ಸ್ಪೈರೈಟ್ಸ್.

ಇನ್ನು ಬೀಳುವ ಮಾತು. 650 ವರ್ಷ ದಾಟಿದರೂ ನಿಂತಿದೆ. ನಿಜವಾದ ಗಂಡಾಂತರ ಬಂದದ್ದು ಬೆಂಕಿಯಿಂದ. 1961ರ ಡಿಸೆಂಬರಿನಲ್ಲಿ ಚರ್ಚಿನ ಉತ್ತರ ಭಾಗ ಹೊತ್ತಿ ಉರಿದು 18ನೇ ಶತಮಾನದ ಆರ್ಗನ್ ವಾದ್ಯ ಸುಟ್ಟುಹೋಯಿತು. ಶಿಖರ ಉಳಿಯಿತು. ಆ ಕಡೆ ಹೋದರೆ ಗೋಪುರ ಹತ್ತಿಸುವ ಟೂರ್ ಇದೆಯಾ ಕೇಳಿ. ತೊಲೆಗಳು ಹೇಗೆ ಹೊರಳಿವೆ ಅಂತ ಒಳಗಿನಿಂದಲೇ ನೋಡಬಹುದು.